ತೂತಿಗೆ ತುರುಕಿದ ತೆಂಗಿನ ಸಿಪ್ಪೆ

ನಿಮಗೆ ಹೀಗಾಗಿದೆಯಾ? ಅಡುಗೆಮನೆಯಲ್ಲಿ ಒಂದು ಚೂರು ಗ್ಯಾಸ್ ವಾಸನೆ ಬಂದರೆ ಸಾಕು, ತೀರಿಹೋದ ಒಬ್ಬ ಮನುಷ್ಯ ಬಂದು ಬಾಗಿಲಲ್ಲಿ ನಿಂತ ಹಾಗೆ ಆಗುವುದು? ಇಲ್ಲ ಅಂತ ಸುಳ್ಳು ಹೇಳಬೇಡಿ. ಒಂದೊಂದು ವಾಸನೆಗೆ ಒಬ್ಬೊಬ್ಬರು ಎಲ್ಲರಿಗೂ ಇರುತ್ತಾರೆ. ನಿಮಗೆ ಮಲ್ಲಿಗೆಗೋ ಅತ್ತರಿಗೋ ಇರಬಹುದು. ನನಗೆ ಗ್ಯಾಸಿಗೆ.

ಮೊನ್ನೆ ಸಿಲಿಂಡರ್ ಬದಲಿಸುವಾಗ ರೆಗ್ಯುಲೇಟರ್ ಸರಿಯಾಗಿ ಕೂರಲಿಲ್ಲ. ಬುಸ್ ಅಂತ ಒಂದು ಕ್ಷಣ... ಅಷ್ಟೇ. ತಕ್ಷಣ ಮುಚ್ಚಿದೆ. ಆದರೆ ಎಲ್ಲರ ಹಾಗೆ ಕಿಟಕಿ ತೆರೆಯಲು ಓಡಲಿಲ್ಲ. ನೆಲಕ್ಕೆ ಕೂತು ಗೋಡೆಯ ಬುಡದಲ್ಲಿ ತೂತು ಹುಡುಕುತ್ತಿದ್ದೆ. ಟೈಲ್ಸ್ ಹಾಕಿದ ನೆಲದಲ್ಲಿ! ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. ನಗಲಿಲ್ಲ. ನನಗೆ ಯಾರು ನೆನಪಾದರು ಅಂತ ಅವರಿಗೂ ಗೊತ್ತು.

ಬಂದ್ಯೋಡಿನ ಮೇಸ್ತ್ರಿ.

ಮೊದಲಿನಿಂದ ಹೇಳುತ್ತೇನೆ. ನಮ್ಮವರು ಒಮಾನಿನಲ್ಲಿ ಹತ್ತೊಂಬತ್ತು ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಅಷ್ಟೂ ವರ್ಷ ನಾನು ಘಟ್ಟದ ಮೇಲೆ ನನ್ನ ತವರಿನಲ್ಲಿ ಬಾಲವಾಡಿ ಟೀಚರಾಗಿದ್ದೆ. ಫೋನಿನಲ್ಲಿ ಅವರು ಹೇಳುತ್ತಿದ್ದುದು ಒಂದೇ, "ಇಲ್ಲಿ ರಸ್ತೆ ಬದಿಗೆ ಒಂದು ಗುಡ್ಡ ಉಂಟು, ಸಂಜೆಗೆ ಕೆಂಡದ ಹಾಗೆ ಆಗ್ತದೆ. ನಿನಗೆ ತೋರಿಸಬೇಕಿತ್ತು." ಅವರು ಕೆಲಸ ಬಿಟ್ಟು ಬಂದು, ಘಟ್ಟದ ಕೆಳಗೆ ವರ್ಕಾಡಿಯ ಅವರ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಬದುಕಲು ಶುರುಮಾಡಿದ ಮೂರನೇ ವರ್ಷ ಒಂದು ದಿನ ಕೊಚ್ಚಿ ಕಡೆಯಿಂದ ಹಳೆಯ ಕ್ಯಾಂಪರ್ ವ್ಯಾನ್ ಒಂದನ್ನು ಓಡಿಸಿಕೊಂಡು ಬಂದರು. ಇದನ್ನು ಸರಿಮಾಡಿಸಿ, ಹಡಗಿನಲ್ಲಿ ದುಬೈಗೆ ಕಳಿಸಿ, ಅಲ್ಲಿಂದ ಒಮಾನಿಗೆ, ಅದರ ದಕ್ಷಿಣ ತುದಿಯ ಸಲಾಲಾದವರೆಗೆ ರಸ್ತೆಯಲ್ಲೇ ಹೋಗುವುದಂತೆ. ಹೋಟೆಲು ಗೀಟೆಲು ಏನೂ ಇಲ್ಲ. ಅಡುಗೆ, ನಿದ್ರೆ ಎಲ್ಲ ಅದರೊಳಗೇ.

ನಾನು ಹೆದರುಪುಕ್ಕಿ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವ್ಯಾನಿನ ಬಾಗಿಲು ತೆರೆದು ಮಂಚದ ಹಲಗೆ ಎತ್ತಿ ನೋಡಿದರೆ, ಕೆಳಗೆ ಮೊಳದುದ್ದದ ಹಾವಿನ ಪೊರೆ! ಇಲಿ ತಿಂದ ಸ್ಪಂಜು, ತುಕ್ಕು ಹಿಡಿದ ನೆಲ, ಆ ಪೊರೆ... ನಾನು ಅಂಗಳದಲ್ಲೇ ನಿಂತು ಹೇಳಿದೆ, "ನಾನು ಬರುವುದಿಲ್ಲ."

ಆಗ ನಮ್ಮವರು ಕರೆದುಕೊಂಡು ಹೋದದ್ದು ಬಂದ್ಯೋಡಿಗೆ. ಹೈವೇಯಿಂದ ಸ್ವಲ್ಪ ಒಳಗೆ ತಗಡಿನ ಷೆಡ್ಡು. ಬಸ್ಸಿನ ಬಾಡಿ ಕಟ್ಟುವ ಕೆಲಸದಲ್ಲಿ ಕೂದಲು ಹಣ್ಣಾದ, ಒಣಕಲು ಮೈಯ ಮನುಷ್ಯ. ಸೊಂಟದಲ್ಲಿ ಬೀಡಿಯ ಕಟ್ಟು, ಕಿವಿಯ ಮೇಲೆ ಪೆನ್ಸಿಲು. ಮನೆಮಾತು ತುಳು. ನನಗೆ ತುಳು ಬರುವುದಿಲ್ಲ ಅಂತ ಗೊತ್ತಾದ ಮೇಲೆ ನನ್ನ ಎದುರಿಗೆ ನಮ್ಮವರ ಹತ್ತಿರವೂ ಕನ್ನಡದಲ್ಲೇ ಮಾತಾಡಿದರು. ನಮ್ಮ ಕಡೆ ಕ್ರಿಸ್ತುವರನ್ನು ಕರೆಯುವ ಹಾಗೆ ನಮ್ಮವರಿಗೆ ಪೊರ್ಬುಗಳೇ, ನನಗೆ ಬಾಯಮ್ಮ ಅನ್ನುತ್ತಿದ್ದರು.

ವ್ಯಾನಿಗೆ ಒಂದು ಸುತ್ತು ಬಂದು, ನನ್ನ ಮುಖ ನೋಡಿ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ:

"ಬಾಯಮ್ಮ, ಪೋಡಿಗೆ ಉಂಟಾ?"

ಪೋಡಿ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಇಲ್ಲಿಯವರು ಚಹಾದ ಜೊತೆ ತಿನ್ನುವ ಬಜ್ಜಿ. ಪೋಡಿಗೆ ಏನು ಉಂಟಾ? ಹಿಟ್ಟಾ? ಎಣ್ಣೆಯಾ? ಹಸಿದಿದ್ದಾರೆ ಪಾಪ ಅಂದುಕೊಂಡು, "ಇವತ್ತು ಇಲ್ಲ, ನಾಳೆ ತರುತ್ತೇನೆ" ಅಂದೆ. ನಮ್ಮವರು ನಗು ತಡೆಯಲಾರದೆ ಹೊರಗೆ ಹೋದರು. ಮರುದಿನ ನಿಜವಾಗಿಯೂ ಡಬ್ಬದಲ್ಲಿ ಜೀಗುಜ್ಜೆ ಕಾಯಿ ಹೆಚ್ಚಿ ಕರಿದ ಪೋಡಿ ತಂದು ಮುಂದಿಟ್ಟೆ. ಮೇಸ್ತ್ರಿ ಒಂದು ಬಾಯಿಗೆ ಹಾಕಿ, ಅಗಿದು ಮುಗಿಸಿ, ಆಮೇಲೆ ಹೇಳಿದರು.

"ಬಾಯಮ್ಮ, ತುಳುವಿನಲ್ಲಿ ಪೋಡಿಗೆ ಅಂದ್ರೆ ಹೆದರಿಕೆ. ನಿಮಗೆ ಹೆದರಿಕೆ ಉಂಟಾ ಅಂತ ನಾನು ಕೇಳಿದ್ದು. ಅಡ್ಡಿ ಇಲ್ಲ, ಇದೂ ಒಳ್ಳೇದುಂಟು. ದಿನಾ ತಂದ್ರೂ ಬೇಡ ಹೇಳುದಿಲ್ಲ."

ಅದು ಅವರ ಕೆಲಸದ ಕ್ರಮ. ಬೇರೆ ಮೇಸ್ತ್ರಿಗಳು ಕಪಾಟು ಎಷ್ಟು ಬೇಕು, ರೆಕ್ಸಿನ್ ಯಾವ ಬಣ್ಣ ಅಂತ ಕೇಳುತ್ತಾರೆ. ಇವರು ಯಾವುದಕ್ಕೆ ಹೆದರಿಕೆ ಅಂತ ಕೇಳಿ, ಅದನ್ನು ಗಾಡಿಯ ಒಳಗೋಡೆಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಹೆದರಿಕೆಗೆ ಒಂದೊಂದು ಕೆಲಸ. ಬಾಗಿಲು ಹೊರಗಿನಿಂದ ಸಿಕ್ಕಿಕೊಂಡರೆ ಅಂತ ನಾನು ಹೇಳಿದ್ದಕ್ಕೆ ಹಿಂದಿನ ಕಿಟಕಿ ಒಳಗಿನಿಂದ ಒದ್ದರೆ ತೆರೆಯುವ ಹಾಗೆ ಆಯಿತು. ತಿರುವಿನಲ್ಲಿ ಒಲೆ ಜಾರಿದರೆ ಅಂದದ್ದಕ್ಕೆ ಒಲೆಗೆ ಕಬ್ಬಿಣದ ಕಟ್ಟೆ ಬಂತು.

"ಪೊರ್ಬುಗಳಿಗೆ ಎಂತ ಹೆದರಿಕೆ?"

"ನನಗೆ ಎಂತ ಹೆದರಿಕೆ ಮಾರಾಯ್ರೆ? ಮರುಭೂಮಿಯಲ್ಲಿ ಟ್ಯಾಂಕರ್ ಓಡಿಸಿದವ ನಾನು."

"ಹಾಗಾದ್ರೆ ಗಾಡಿ ತಕ್ಕೊಂಡು ಹೋಗಿ. ಹೆದರಿಕೆ ಇಲ್ಲದವರ ಗಾಡಿಗೆ ನಾನು ಕೈ ಹಾಕುದಿಲ್ಲ. ಅವರು ಎಂತದೂ ನೋಡಿಕೊಳ್ಳುದಿಲ್ಲ."

ನಮ್ಮವರು ಗಾಡಿಯ ಮೆಟ್ಟಿಲ ಮೇಲೆ ಕೂತರು. ಆಮೇಲೆ ಮೆಲ್ಲಗೆ, "ನಡುದಾರಿಯಲ್ಲಿ ನನಗೆ ಏನಾದರೂ ಆದರೆ... ಇವಳಿಗೆ ಡ್ರೈವಿಂಗ್ ಬರುದಿಲ್ಲ" ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಹೆದರಿಕೆ ಅದು.

ಮೇಸ್ತ್ರಿ ಅದನ್ನೂ ಬರೆದುಕೊಂಡು ನನ್ನ ಕಡೆ ತಿರುಗಿದರು. "ಇದಕ್ಕೆ ನನ್ನ ಹತ್ತಿರ ಸ್ಕ್ರೂ ಇಲ್ಲ ಬಾಯಮ್ಮ. ನೀವೇ ಕಲೀಬೇಕು." ಮರುವಾರದಿಂದ ಡ್ರೈವಿಂಗ್ ಸ್ಕೂಲಿಗೆ ಹೋದೆ. ಒಂದು ಕಂಪೌಂಡು ಗೋಡೆಗೆ ಗುದ್ದಿದ್ದನ್ನು ಬಿಟ್ಟರೆ ಕಲಿತೆ ಅಂತಲೇ ಹೇಳಬೇಕು.

ನಾನು ಹೇಳದೆ ಉಳಿಸಿಕೊಂಡ ಹೆದರಿಕೆ ಒಂದೇ. ಹಾವು. ಇಷ್ಟು ದೊಡ್ಡ ಹೆಂಗಸು, ಮರುಭೂಮಿಗೆ ಹೊರಟವಳು, ಒಣಗಿದ ಪೊರೆಗೆ ಹೆದರಿದಳು ಅಂತ ಷೆಡ್ಡಿನಲ್ಲಿ ನಗುತ್ತಾರೆ ಅನ್ನಿಸಿತು... ನುಂಗಿಕೊಂಡೆ.

ಕೆಲಸ ಮುಗಿಯುತ್ತಾ ಬಂದಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಸಿಲಿಂಡರಿಗೆ ಒಂದು ಪೆಟ್ಟಿಗೆ. ಅದರ ತಳದಲ್ಲಿ, ವ್ಯಾನಿನ ನೆಲವನ್ನೇ ಕೊರೆದು, ನಾಲ್ಕು ಬೆರಳು ಹಿಡಿಯುವಷ್ಟು ಅಗಲದ ತೂತು. ಅಡಿಯಿಂದ ಜಾಲರಿ. ಮೇಸ್ತ್ರಿ ನನಗೆ ತೋರಿಸಿ ಹೇಳಿದ್ದರು, "ಈ ತೂತು ಹೋಗ್ಲಿಕ್ಕೆ ಇರುದು ಬಾಯಮ್ಮ, ಬರ್ಲಿಕ್ಕೆ ಅಲ್ಲ." ನೀರು ಚೆಲ್ಲಿದರೆ ಹೋಗಲು ಅಂತ ನಾನು ತಿಳಿದುಕೊಂಡೆ. ಕೇಳಲಿಲ್ಲ.

ಆ ಶನಿವಾರ ವ್ಯಾನು ಮನೆಗೆ ಬಂತು. ಪರದೆಗೆ ಅಳತೆ ತೆಗೆಯಬೇಕಿತ್ತು. ರಾತ್ರಿಯಿಡೀ ಮಳೆ. ನಮ್ಮ ಕಡೆ ಮಳೆಗಾಲ ಶುರುವಾದರೆ ಬಚ್ಚಲಿನ ಮೋರಿಗೆ, ಗೋಡೆಯ ಸಂದಿಗೆ ತೆಂಗಿನ ಸಿಪ್ಪೆ ತುರುಕಿಡುತ್ತಾರೆ, ಹಾವು, ಇಲಿ ಒಳಗೆ ಬರಬಾರದು ಅಂತ. ವರ್ಕಾಡಿಗೆ ಬಂದ ಮೊದಲ ವರ್ಷವೇ ಅತ್ತೆ ನನಗೆ ಕಲಿಸಿದ್ದು ಅದು. ಭಾನುವಾರ ಇಗರ್ಜಿಯಿಂದ ಬಂದವಳು ವ್ಯಾನಿನೊಳಗೆ ಹೋಗಿ ತೂತು ನೋಡಿದೆ. ಜಾಲರಿಯ ಕಣ್ಣು ದೊಡ್ಡದು. ಮರಿ ಹಾವಿಗೆ ಧಾರಾಳ ದಾರಿ. ಕೊಟ್ಟಿಗೆಯಿಂದ ಒಂದು ಸಿಪ್ಪೆ ತಂದೆ, ತಿರುವಿ ತಿರುವಿ ಬಿಗಿಯಾಗಿ ತುರುಕಿದೆ, ಮೇಲೆ ಖಾಲಿ ಸಿಲಿಂಡರ್ ಕೂರಿಸಿದೆ. ಯಾರಿಗೂ ಹೇಳಲಿಲ್ಲ. ಮನೆಯ ಮೋರಿಗೆ ತುರುಕಿದ್ದನ್ನು ಯಾರಾದರೂ ಊರಿಗೆಲ್ಲ ಹೇಳುತ್ತಾರಾ?

ಸೋಮವಾರ ವ್ಯಾನು ಷೆಡ್ಡಿಗೆ ವಾಪಸ್ಸು ಹೋಯಿತು. ಮಂಗಳವಾರ ಮೇಸ್ತ್ರಿ ಗ್ಯಾಸಿನ ಕೊನೆಯ ಪರೀಕ್ಷೆ ಮಾಡುವುದಿತ್ತು. ಖಾಲಿಯದನ್ನು ತೆಗೆದು, ಪೆಟ್ಟಿಗೆಯ ಕತ್ತಲೆಯೊಳಗೆ ತುಂಬಿದ ಸಿಲಿಂಡರ್ ಇಟ್ಟು, ಜೋಡಿಸಿ, ವಾಲ್ವು ತೆರೆದು, ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿದ್ದಾರೆ. ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಲು ವಾಲ್ವು ತೆರೆದೇ ಇಟ್ಟು ಊಟ ಮಾಡಿದ್ದಾರೆ. ಮಳೆ ಅಂತ ಬಾಗಿಲು, ಕಿಟಕಿ ಎಲ್ಲ ಎಳೆದು ಒಳಗೇ ಒರಗಿದ್ದಾರೆ. ಗಿರಾಕಿಯ ಹಾಸಿಗೆಯಲ್ಲಿ ಮಲಗಬಾರದು ಅಂತ ಅವರದೊಂದು ನಿಯಮ. ನೆಲಕ್ಕೆ ಪೇಪರ್ ಹಾಸಿ ಮಲಗುವುದು.

ನಾವು ತಲುಪಿದಾಗ ಮಧ್ಯಾಹ್ನ ಮೂರೂವರೆ. ನಮ್ಮವರು ಹೈವೇ ಬದಿಯಲ್ಲಿ ಚಹಾ ಹೇಳಲು ನಿಂತರು. ನಾನು ಪೋಡಿಯ ಡಬ್ಬ ಹಿಡಿದು ಮುಂದೆ ಬಂದು ವ್ಯಾನಿನ ಬಾಗಿಲು ಸರಿಸಿದೆ.

ವಾಸನೆ ಮುಖಕ್ಕೆ ಹೊಡೆಯಿತು.

ನೆಲದಲ್ಲಿ ಮೇಸ್ತ್ರಿ. ಬಾಗಿಲ ಸದ್ದಿಗೆ ಎಚ್ಚರಾಗಿ, ಕಣ್ಣು ಮುಚ್ಚಿಕೊಂಡೇ ಬೀಡಿ ತುಟಿಗೆ ಇಟ್ಟಾಗಿತ್ತು. ಇನ್ನೊಂದು ಕೈಯಲ್ಲಿ ಬೆಂಕಿಪೆಟ್ಟಿಗೆ, ಅರ್ಧ ತೆರೆದದ್ದು. ಎದ್ದ ಕೂಡಲೇ ಬೀಡಿ, ಅದು ಅವರ ಅಭ್ಯಾಸ. ವಾಸನೆ ಅವರಿಗೆ ಹೇಗೆ ಬರಬೇಕು? ವರ್ಷಗಟ್ಟಲೆ ಬಣ್ಣದ ಥಿನ್ನರ್ ವಾಸನೆ ಎಳೆದು ಎಳೆದು ಮೂಗು ಸತ್ತುಹೋಗಿತ್ತು.

ಬೇಡ ಅನ್ನಬೇಕಿತ್ತು ನಾನು. ಗ್ಯಾಸ್ ಅನ್ನಬೇಕಿತ್ತು. ಅವರು ಒಂದು ಕಡ್ಡಿ ಹೊರಗೆ ತೆಗೆದರು. ಆಗ ಬಂತು ನೋಡಿ, ಎಲ್ಲಿಂದ ಬಂತೋ ದೇವರೇ ಬಲ್ಲ...

"ಪೋಡಿಗೆ! ಪೋಡಿಗೆ ಮೇಸ್ತ್ರೀ!"

ಮೇಸ್ತ್ರಿಯ ಕೈ ನಿಂತಿತು. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದರು, ಕೈಯಲ್ಲಿದ್ದ ಡಬ್ಬ ನೋಡಿದರು. ನಗು ಬಂತು ಮುಖದಲ್ಲಿ. "ಓ, ಪೋಡಿಯಾ? ಬಿಸಿ ಉಂಟಾ?" ಅಂದು ಬೆಂಕಿಪೆಟ್ಟಿಗೆ ಮಡಿಲಿಗೆ ಹಾಕಿ ಕೈ ಚಾಚಿದರು.

ಆ ಕೈಯನ್ನು ಹಿಡಿದು ಎಳೆದೆ. ಡಬ್ಬ ಎಲ್ಲೋ ಬಿತ್ತು. ಇಬ್ಬರೂ ಕೆಸರಿಗೆ ಬಿದ್ದೆವು. ಅವರಿಗೆ ನಿಲ್ಲಲು ಆಗಲಿಲ್ಲ, ತಲೆ ತಿರುಗಿ ವಾಂತಿ ಮಾಡಿದರು. ಬೆಂಕಿಪೆಟ್ಟಿಗೆಯನ್ನು ನಾನು ಎಳೆದು ಮಳೆಗೆ ಎಸೆದೆ. ನಮ್ಮವರು ಓಡಿ ಬಂದು, ಮೂಗಿಗೆ ಕರ್ಚೀಫು ಕಟ್ಟಿ ಒಳಗೆ ಹೋಗಿ ವಾಲ್ವು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದರು.

ಅರ್ಧ ಗಂಟೆಯ ಮೇಲೆ, ಎಲ್ಲ ಗಾಳಿಗೆ ಹೋದ ಮೇಲೆ, ಮೇಸ್ತ್ರಿ ಹಟ ಹಿಡಿದು ಒಳಗೆ ಹೋದರು. ಸಾಬೂನು ನೀರು ಹಚ್ಚಿ ನೋಡಿದ ಮೇಲೆ ಪೈಪಿನ ಕ್ಲಿಪ್ಪು ಸಡಿಲಾಗಿತ್ತು. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ಸೋರಿದ್ದು ಸರಿ. ನಿಂತದ್ದು ಹೇಗೆ? ಗ್ಯಾಸ್ ನೀರಿನ ಹಾಗೆ, ಕೆಳಗೆ ಹೋಗಿ ಕೂರ್ತದೆ. ನನಗೆ ಮೂಗಿಲ್ಲ ಅಂತಲೇ ತೂತು ಇಟ್ಟದ್ದು..." ಅನ್ನುತ್ತಾ ಸಿಲಿಂಡರ್ ಎತ್ತಿ ಕೈ ಹಾಕಿದರು.

ಸಿಪ್ಪೆ ಹೊರಗೆ ಬಂತು.

ನಮ್ಮವರು ಸಿಡಿದರು. "ಇದು ಯಾರ ಕೆಲಸ? ಯಾರು ತುರುಕಿದ್ದು?"

ಮೇಸ್ತ್ರಿ ಸಿಪ್ಪೆ ನೋಡಿದರು. ಆಮೇಲೆ ನನ್ನನ್ನು. ನಾನು ಮುಖ ತಿರುಗಿಸಿದೆ.

"ನಾನೇ ಪೊರ್ಬುಗಳೇ. ಬಣ್ಣ ಹೊಡೆಯುವಾಗ ಇಟ್ಟದ್ದು, ತೆಗೀಲಿಕ್ಕೆ ಮರೆತೆ. ಪ್ರಾಯ ಆಯ್ತಲ್ಲ."

ನಮ್ಮವರು ಬೈದರು. ಸಣ್ಣ ಬೈಗಳಲ್ಲ. ನನ್ನ ಹೆಂಡತಿಯನ್ನು ಇದರೊಳಗೆ ಮಲಗಿಸಿ ಸುಡುತ್ತಿದ್ದಿರಲ್ಲ, ಇಷ್ಟು ವರ್ಷ ಮಾಡಿದ್ದು ಇದೇ ಕೆಲಸವಾ ಅಂತ, ಚಹಾ ತಂದವನ ಎದುರಿಗೇ. ಆ ಮನುಷ್ಯ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಎರಡು ದಿನದ ಮೇಲೆ ಗಾಡಿ ತರಲು ಹೋದಾಗ ಜಾಲರಿ ಬದಲಾಗಿತ್ತು. ದೊಡ್ಡ ಕಣ್ಣಿನದ್ದರ ಮೇಲೆ ಇನ್ನೊಂದು, ಇರುವೆ ಮಾತ್ರ ದಾಟಬಹುದಾದಷ್ಟು ಸಣ್ಣ ಕಣ್ಣಿನದು. ನಮ್ಮವರು ಮುಂದೆ ಎಂಜಿನ್ ನೋಡುತ್ತಿದ್ದರು. ಮೇಸ್ತ್ರಿ ದನಿ ತಗ್ಗಿಸಿ, "ಹಾವಾ, ಇಲಿಯಾ?" ಅಂದರು.

"ಹಾವು."

"ಹೇಳಬೇಕಿತ್ತಲ್ಲ ಬಾಯಮ್ಮ. ಹೆದರಿಕೆಯನ್ನು ಹೇಳುದು. ತುರುಕುದಲ್ಲ."

ಸೀಮೆಸುಣ್ಣ ತೆಗೆದು, ಪಟ್ಟಿಯ ಕೊನೆಗೆ "ಹಾವು" ಅಂತ ಬರೆದು, ಅದರ ಮೇಲೆ ಪ್ಲೈವುಡ್ ಹೊಡೆದು ಮುಗಿಸಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಗಾಡಿಯ ಕಾಗದಪತ್ರಕ್ಕೆ ಐದು ತಿಂಗಳು ಹಿಡಿಯಿತು. ಹೋದೆವು. ಒಮಾನಿನ ರಸ್ತೆಯಲ್ಲಿ ಪ್ರತಿ ಸಲ ಒಲೆ ಹಚ್ಚುವ ಮೊದಲು ನಾನು ಟಾರ್ಚ್ ಹಿಡಿದು ನೆಲಕ್ಕೆ ಬಗ್ಗಿ ತೂತು ನೋಡುತ್ತಿದ್ದೆ. ಚಹಾಕ್ಕೂ ನೋಡಬೇಕು, ಗಂಜಿಗೂ ನೋಡಬೇಕು. ಕೆಂಡದಂಥ ಆ ಗುಡ್ಡದ ಎದುರು ಗಾಡಿ ನಿಲ್ಲಿಸಿದ ಸಂಜೆ ನಮ್ಮವರು ಕೇಳಿದರು, "ಗುಡ್ಡ ತೋರಿಸಲಿಕ್ಕೆ ಇಷ್ಟು ದೂರ ತಂದರೆ ನೀನು ತೂತು ನೋಡ್ತೀಯಲ್ಲ, ಎಂತ ಅದು?"

ಹೇಳಿಬಿಟ್ಟೆ. ಎಲ್ಲ.

ಅವರು ಬೈಯಲಿಲ್ಲ. "ಆ ಮನುಷ್ಯನಿಗೆ ನಾನು ಎಂತೆಲ್ಲ ಹೇಳಿದೆ..." ಅಂದರು. ಗುಡ್ಡ ಯಾವಾಗ ಕಪ್ಪಾಯಿತೋ ಇಬ್ಬರೂ ನೋಡಲಿಲ್ಲ. ಮರುದಿನ ಫೋನಿಗೆ ಸಿಗ್ನಲ್ ಸಿಕ್ಕಿದ ಮೊದಲ ಪೇಟೆಯಲ್ಲೇ ಗಾಡಿ ನಿಲ್ಲಿಸಿ ಮೇಸ್ತ್ರಿಗೆ ಕರೆ ಮಾಡಿದರು. ಎತ್ತಿದ್ದು ಅವರ ಹೆಂಡತಿ. ಮೇಸ್ತ್ರಿ ಹೋಗಿ ಒಂಬತ್ತು ದಿನವಾಗಿತ್ತು. ಎದೆನೋವು ಅಂತ ಹೇಳಿದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ.

ಊರಿಗೆ ಬಂದ ಮೇಲೆ ಡಾಕ್ಟರರ ಹತ್ತಿರ ಕೇಳಿದೆ, ಅಷ್ಟು ಗ್ಯಾಸು ಕುಡಿದದ್ದಕ್ಕೆ ತಿಂಗಳುಗಳ ಮೇಲೆ ಹೀಗೆ ಆಗುತ್ತದಾ ಅಂತ. ಆಗಲಿಕ್ಕಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು. ಇನ್ನೊಬ್ಬ ಡಾಕ್ಟರರೂ ಅದನ್ನೇ ಹೇಳಿದರು. ನಾನು ಇನ್ನೂ ಹೆದರುತ್ತೇನೆ. ಆಗಲಿಕ್ಕಿಲ್ಲ ಅಂದರೆ ಆಗಲೇ ಇಲ್ಲ ಅಂತ ಅರ್ಥವಾ?

ಷೆಡ್ಡು ಇದ್ದ ಜಾಗದ ಮೇಲೆ ಈಗ ಹೈವೇಯ ಸರ್ವೀಸ್ ರೋಡು. ವ್ಯಾನು ನಮ್ಮ ಅಂಗಳದಲ್ಲಿದೆ. ಆ ಪ್ಲೈವುಡ್ಡನ್ನು ನಾವು ತೆಗೆದಿಲ್ಲ. ತೆಗೆದರೆ ಕೈ ತಾಗಿ ಸೀಮೆಸುಣ್ಣ ಅಳಿಸಿಹೋದರೆ ಅಂತ ಹೆದರಿಕೆ. ಮೊನ್ನೆ ಅಡುಗೆಮನೆಯಿಂದ ಎದ್ದವಳು ನೇರ ಅಲ್ಲಿಗೇ ಹೋಗಿ, ಜಾಲರಿಗೆ ಕಟ್ಟಿದ್ದ ಧೂಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದೆ. ನಮ್ಮವರು ಬಂದು ಟಾರ್ಚ್ ಹಿಡಿದರು. ಕ್ಷಮಿಸಿ ಮೇಸ್ತ್ರಿ ಅಂತ ಒಂದು ಸಲ ಎದುರಿಗೆ ನಿಂತು ಹೇಳಿದ್ದರೆ...

ನಾನು ಹೇಳಿಯಾಯಿತು. ಈಗ ನೀವು. ನಿಮ್ಮ ತಪ್ಪನ್ನು ಬೇರೆ ಯಾರಾದರೂ ತಮ್ಮ ತಲೆ ಮೇಲೆ ಹಾಕಿಕೊಂಡು ಬೈಗಳು ತಿಂದದ್ದು ಉಂಟಾ? ನೀವು ಸುಮ್ಮನೆ ಪಕ್ಕದಲ್ಲಿ ನಿಂತದ್ದು? ಕೆಳಗೆ ಬರೆಯಿರಿ. ಆ ಮನುಷ್ಯ ಬದುಕಿದ್ದರೆ ಮಾತ್ರ ಇಲ್ಲಿ ಬರೆಯುವ ಮೊದಲು ಅವರಿಗೊಂದು ಫೋನ್ ಮಾಡಿ.