ಎಣ್ಣೆ ಬಾವಿಯ ಪಕ್ಕದ ಕಾಫಿ

ಲಾಸ್ ಏಂಜಲೀಸಿನಲ್ಲಿ ಗೆಳೆಯನ ಸೊಸೆ ಲತಾಳ ಅಡುಗೆಮನೆಯ ಕಿಟಕಿಯಾಚೆ ಎಣ್ಣೆ ಬಾವಿಯ ಯಂತ್ರವೊಂದು ನಮ್ಮೂರಿನ ಏತದಂತೆ ಏಳುತ್ತಾ ಬಾಗುತ್ತಾ ಇತ್ತು. ಏತ ತುಳಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎಂದು ಕೊಚ್ಚಿಕೊಂಡೆ.

"ಇಲ್ಲಿ ಉಲ್ಟಾ ಅಂಕಲ್. ಎಣ್ಣೆ ಬರಲಿ ಅಂತ ನೀರನ್ನ ಪ್ರೆಶರ್ ಕೊಟ್ಟು ಕೆಳಗೆ ತಳ್ತಾರೆ. ಅದರಿಂದಾನೂ ಭೂಮಿ ನಡುಗಬಹುದಂತೆ. ಮನೆ ಬದಲಾಯಿಸೋಣ ಅಂದ್ರೆ ಇವ್ರು ಕೇಳಲ್ಲ," ಎಂದಳು.

ಸುಮ್ಮನಿರಲಾರದೆ ಮೊಣಕಾಲಿನಿಂದ ಮೇಜು ಅಲ್ಲಾಡಿಸಿದೆ; ಕಾಫಿ ಲೋಟಗಳು ಗಲಗಲ ಎಂದವು. ಅವಳು ನೆಲದ ಮೇಲೆ ಆಡುತ್ತಿದ್ದ ತನ್ನ ಕೂಸನ್ನು ಬಾಚಿಕೊಂಡು ಹೊರಗೋಡಿದಳು. ನಿಜ ತಿಳಿದ ಮೇಲೆ ಚೆನ್ನಾಗಿ ಬೈದಳು. ಅವಳ ಜಾಗದಲ್ಲಿ ನನ್ನ ಹೆಂಡತಿ ಇದ್ದಿದ್ದರೆ ತಿರುಗಿಯೂ ನೋಡದೆ "ಕಾಲು ತೆಗೀರಿ" ಎನ್ನುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಆ ಮಾತು ಕೇಳಿಲ್ಲ.

ಎರಡನೇ ಕಾಫಿಯ ಹೊತ್ತಿಗೆ ಲೋಟಗಳು ಮತ್ತೆ ಗಲಗಲ ಎಂದವು. ಒಲೆಯ ಮುಂದಿದ್ದ ಲತಾ ತಿರುಗದೆಯೇ, "ಕಾಲು ತೆಗೀರಿ ಅಂಕಲ್," ಎಂದಳು.

ನಡುಕ ಅಷ್ಟಕ್ಕೇ ನಿಂತಿತು. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನಾನು, "ತೆಗೆದೆ ಕಣಮ್ಮ," ಎಂದೆ.