ನರಸಪ್ಪ ಮಾಡಿದ ಗುಡ್ಡೆ

ಮೇಕೆಯ ಲಿವರನ್ನು ಹನ್ನೆರಡು ಸಮಪಾಲು ಮಾಡಬಲ್ಲ ಮನುಷ್ಯ ಮಕ್ತಲ್‌ನಲ್ಲಿ ಒಬ್ಬನೇ ಇದ್ದ: ನಮ್ಮ ಓಣಿಯ ನೇಕಾರ ನರಸಪ್ಪ. ಹನ್ನೆರಡು ಮನೆಯವರು ಸೇರಿ ಭಾನುವಾರ ಒಂದು ಮೇಕೆ ತರುತ್ತಿದ್ದೆವು. ಮುತ್ತುಗದ ಎಲೆಗಳ ಮೇಲೆ ನರಸಪ್ಪ ಮಾಂಸದ ಹನ್ನೆರಡು ಗುಡ್ಡೆ ಮಾಡುತ್ತಿದ್ದರು. ಆಮೇಲೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಕಡ್ಡಿಯಿಂದ ಒಂದು ಗುಡ್ಡೆ ಮುಟ್ಟಿ "ಇದು ಯಾರದು?" ಎಂದರೆ, ನೋಡದೆಯೇ ಒಂದು ಹೆಸರು ಹೇಳುತ್ತಿದ್ದರು.

"ಅಂಗಡ್ಯಾಗ ರೊಕ್ಕ ಇದ್ದಾಂವಗ ಲಿವರ್, ಇಲ್ಲದಾಂವಗ ಎಲುಬು. ಅದು ಬಂಡವಾಳಶಾಹಿ. ಇಲ್ಲಿ ಎಲ್ಲಾರಿಗೂ ಎಲ್ಲಾ. ಇದು ಕಮ್ಯುನಿಸಂ. ತಿಳೀತೇನ್ರಿ ಸೌಕಾರ್ರ?" ಎಂದು ನನ್ನನ್ನು ಕೆಣಕುತ್ತಿದ್ದರು.

ನನ್ನದು ಸೀರೆ ಅಂಗಡಿ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗುವುದೇ ನ್ಯಾಯವೆಂದು ವಾದಿಸುತ್ತಿದ್ದೆ. ನರಸಪ್ಪನ ಸಮಾನತೆಯಾದರೋ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಗಂಟಲಿಗೇ ಇಳಿಯುತ್ತಿರಲಿಲ್ಲ.

ಎದುರುಮನೆ ಬಾಲಮ್ಮನ ಮಗಳು ಸುಜಾತಾ ಹೆತ್ತು ಮನೆಗೆ ಬಂದಾಗ ಮೈಯಲ್ಲಿ ರಕ್ತವೇ ಇರಲಿಲ್ಲ. ಲಿವರ್ ತಿನ್ನಿಸಿ ಎಂದಿದ್ದರು ಡಾಕ್ಟರು. ಬಾಲಮ್ಮ ಬೇಡುವ ಹೆಂಗಸಲ್ಲ. ಶನಿವಾರ ನರಸಪ್ಪ ಅಂಗಡಿಗೆ ಬಂದರು.

"ನಾಳೆ ಲಿವರ್ ಇದ್ದ ಗುಡ್ಡೆ ಮುಟ್ಟಿದಾಗ ಒಂದ್ ಸಲ ಕೆಮ್ಮರಿ."

"ಏನ್ರೀ ಕಾಮ್ರೇಡ್, ಇದು ಮೋಸ ಅಲ್ಲೇನ್ರಿ?"

"ಮೋಸಾನ ಐತಿ. ಕೆಮ್ಮರಿ."

ಮರುದಿನ ಅವರು, "ಚಾಕು ಮೊಂಡ ಆಗೈತಿ, ಲಿವರ್ ಕೊಯ್ಯಾಕ ಆಗಂಗಿಲ್ಲ. ಒಂದ ಗುಡ್ಡ್ಯಾಗ ಇಡ್ತೀನಿ," ಎಂದು ಸಾರಿದರು. ಅದೇ ಚಾಕು ಆಗಷ್ಟೇ ಮೂಳೆ ಕಡಿದಿತ್ತು. ಅದನ್ನು ಎಲ್ಲರೂ ನೋಡಿದ್ದರು. ನಾನು ಕೆಮ್ಮಿದೆ. "ಬಾಲಮ್ಮ," ಎಂದರು. ಮೂರು ತಿಂಗಳು ಚಾಕು ಮೊಂಡಾಗಿಯೇ ಇತ್ತು. ಸುಜಾತಾ ಎದ್ದು ಓಡಾಡಿದಳು.

ಕಳೆದ ಚಳಿಗಾಲ ನರಸಪ್ಪ ಹಾಸಿಗೆ ಹಿಡಿದರು. ಬೆನ್ನು ತಿರುಗಿಸಿ ನಿಲ್ಲುವ ಸರದಿ ನನ್ನದಾಯಿತು, ಕಡ್ಡಿ ಸುಜಾತಾಳದು. ಅವಳು ಕೆಮ್ಮಿದಳು. "ನರಸಪ್ಪ," ಎಂದೆ.

ನಾನೇ ಒಯ್ದು ಕೊಟ್ಟೆ. ಎಲೆ ಬಿಚ್ಚಿ ನೋಡಿದರು: ಲಿವರ್ ಪೂರ್ತಿ ಅದರಲ್ಲೇ ಇತ್ತು.

"ಯಾರು ಕೆಮ್ಮಿದ್ರು?"

"ಚಳಿ ಐತಲ್ರಿ."

ಚಾಕು ತರಿಸಿಕೊಂಡರು. ಗೋಡೆಗೆ ಒರಗಿ ಅದನ್ನು ಹನ್ನೆರಡು ತುಂಡು ಮಾಡಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. "ತಿಂದ್ರ ಯಾರು ಕೇಳ್ತಾರ್ರಿ?" ಎಂದೆ.

"ಆಕಿ ಬಾಣಂತಿ ಇದ್ಲು. ನಾ ಮುದುಕ. ಹಂಚಿ ಬರ್ರಿ."

ತಮ್ಮ ತುಂಡನ್ನು ಮಾತ್ರ ಇಟ್ಟುಕೊಂಡರು. ಮುಂದಿನ ಭಾನುವಾರದ ಹೊತ್ತಿಗೆ ಅವರಿರಲಿಲ್ಲ.

ಈಗ ಹನ್ನೊಂದೇ ಗುಡ್ಡೆ. ಗುಡ್ಡೆಗಳ ಮುಂದೆ ಯಾರಾದರೂ ಕೆಮ್ಮಿದರೆ ನಾವು ನೀರು ಕೊಡುವುದಿಲ್ಲ. ಯಾರ ಮನೆಯಲ್ಲಿ ಹುಷಾರಿಲ್ಲ ಎಂದು ಮೊದಲು ಕೇಳುತ್ತೇವೆ.