ಘಾಟು ಅಂದುಕೊಂಡದ್ದು

ಹೈದರಾಬಾದಿಗೆ ಬಂದ ಮೇಲೆ ನನ್ನನ್ನು ಮೊದಲು ಕೈಯಾರೆ ಮುಟ್ಟಿದ ಹೊರಗಿನವಳು ಮುಟ್ಟಿದ್ದು ನನ್ನ ಕಣ್ಣಿನ ರೆಪ್ಪೆಯನ್ನು. ಆಕೆ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕೈಯಲ್ಲಿದ್ದ ಟೋಕನ್ ನೋಡಿದಳು, ಗದ್ದ ಹಿಡಿದು ಮೇಲೆತ್ತಿದಳು, ಎರಡೂ ಕಣ್ಣಿಗೆ ಉರಿಯುವ ಹನಿ ಬಿಟ್ಟು "ಕಳ್ಳು ಮೂಸುಕೋಂಡಿ" ಎಂದು ಹೇಳಿ ಮುಂದಿನ ಕುರ್ಚಿಯತ್ತ ಹೋದಳು. ತೆಲುಗಿನಲ್ಲಿ ಅದರರ್ಥ ಕಣ್ಣು ಮುಚ್ಚಿಕೊಳ್ಳಿ ಅಂತ. ನಮ್ಮ ಕಡೆ ಬೆಳಿಗ್ಗೆ ಬೆಳಿಗ್ಗೆ ಮರ್ಯಾದಸ್ಥ ಹೆಣ್ಣುಮಗಳಿಗೆ ಕಳ್ಳು ಮೂಸು ಎಂದಿದ್ದರೆ ಜಗಳವೇ ಆಗುತ್ತಿತ್ತು.

ಅದೊಂದು ದೊಡ್ಡ ಹಾಲ್. ಸಾಲು ಸಾಲು ಕುರ್ಚಿ, ಒಂದೊಂದರಲ್ಲೂ ಕಣ್ಣು ಮುಚ್ಚಿ ಗದ್ದ ಮೇಲೆತ್ತಿ ಕುಳಿತ ಒಬ್ಬೊಬ್ಬರು. ಯಾರೂ ಮಾತಾಡುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ಡಾಕ್ಟರ ಬಳಿ ಹೋದರೆ ನಮ್ಮ ಪಾಳಿ ಬರುವಷ್ಟರಲ್ಲಿ ಪಕ್ಕದವರ ಮಗಳ ಗಂಡನ ಮನೆಯ ಸಮಾಚಾರವೆಲ್ಲ ತಿಳಿದಿರುತ್ತದೆ. ಏನು ಬ್ಯಾನಿ, ಯಾವ ಊರು, ಯಾರ ಪೈಕಿ ಎಂದು ಕೇಳಿ, ಡಾಕ್ಟರಿಗಿಂತ ಮೊದಲು ಅವರೇ ಒಂದು ಔಷಧ ಹೇಳಿರುತ್ತಾರೆ. ಇಲ್ಲಿ ನಾನು ಪಕ್ಕದ ಹೆಂಗಸಿನ ಕಡೆ ತಿರುಗಿ ನಕ್ಕೆ. ಆಕೆಯ ಕಣ್ಣು ಮುಚ್ಚಿತ್ತು. ನಕ್ಕಿದ್ದು ದಂಡವಾಯಿತು.

ನಾನು ಗಿರಿಜವ್ವ, ಬ್ಯಾಡಗಿಯವಳು. ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಹುಟ್ಟಿದವಳು; ಕೊಟ್ಟದ್ದೂ ಅದೇ ಊರಿಗೆ, ಎರಡು ಓಣಿ ಆಚೆ. ನಮ್ಮ ಮನೆಯವರು ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕಂಪನಿಯವರು ಅವರನ್ನು ಹೈದರಾಬಾದಿನ ಗೋದಾಮಿಗೆ ವರ್ಗ ಮಾಡಿದರು. ನಲವತ್ತೇಳು ವರ್ಷ ಒಂದೇ ಊರಿನ ಗಾಳಿ ಕುಡಿದವಳು ಎರಡು ಟ್ರಂಕು, ಒಂದು ಹಂಚು ಕಟ್ಟಿಕೊಂಡು ಹೊರಟೆ. ಆ ಗಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಕಥೆಯೆಲ್ಲ ಅದರಲ್ಲೇ ಇದೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ತಿನ್ನುವವರಿಗೆ ಅದು ಸರಿ. ಸುಗ್ಗಿಯ ತಿಂಗಳುಗಳಲ್ಲಿ ಯಾರ್ಡಿನ ಸುತ್ತ ಬದುಕುವವರಿಗೆ ಅಲ್ಲ. ಚೀಲ ಸುರಿಯುವಾಗ ಏಳುವ ಧೂಳು ಮೂಗು, ಗಂಟಲು, ಕಣ್ಣು ಯಾವುದನ್ನೂ ಬಿಡುವುದಿಲ್ಲ. ಅದಕ್ಕೆ ನಾವು ಘಾಟು ಎನ್ನುತ್ತೇವೆ. ನೆಂಟರು ಬಂದು ಸೀನಲು ಶುರು ಮಾಡಿದರೆ ನಮಗೊಂದು ಹೆಮ್ಮೆ. ನಾವು ಸೀನುವುದಿಲ್ಲ, ನಮ್ಮದು ಬರೀ ಕಣ್ಣು ಕೆಂಪಾಗಿ ನೀರು ಸೋರುತ್ತದೆ. ಕಣ್ಣು ಮಂಜಾದರೆ ಘಾಟು, ತಲೆ ನೊಂದರೆ ಘಾಟು. ತಣ್ಣೀರು ಹಾಕಿ ತೊಳೆ, ನೆತ್ತಿಗೆ ಔಡಲ ಎಣ್ಣೆ ಒತ್ತು, ಸೀಜನ್ ಮುಗಿಯಲಿ ಎನ್ನುತ್ತಾರೆ. ಕಣ್ಣಿಗಾಗಿ ಡಾಕ್ಟರ ಬಳಿ ಹೋದವರನ್ನು ನಮ್ಮ ಓಣಿಯಲ್ಲಿ ನಾನು ನೋಡಿಲ್ಲ. ಹೋಗಿದ್ದರೆ ಜನ ನಗುತ್ತಿದ್ದರು.

ನಮ್ಮ ಅವ್ವ ಆ ಯಾರ್ಡಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ನಾನು. ಕಡೆಕಡೆಗೆ ಅವಳಿಗೆ ಎದುರಿಗಿದ್ದ ರಾಶಿ ಕಾಣುತ್ತಿತ್ತು, ಮಗ್ಗುಲಲ್ಲಿದ್ದ ನಾನು ಕಾಣುತ್ತಿರಲಿಲ್ಲ. ಮಜ್ಜಿಗೆ ಬಗ್ಗಿಸುವಾಗ ಲೋಟದ ಕಂಠಕ್ಕೆ ಬೆರಳು ಸಿಕ್ಕಿಸಿಕೊಂಡು, ತಣ್ಣಗೆ ತಾಗಿದಾಗ ನಿಲ್ಲಿಸುತ್ತಿದ್ದಳು. ಅವ್ವನಿಗೆ ಘಾಟು ಹತ್ತಿದೆ ಎಂದೆವು. ಹಾಗೆ ಅನ್ನುತ್ತಲೇ ಒಂದು ದಿನ ಅವಳನ್ನು ಮಣ್ಣಿಗೆ ಕಳಿಸಿಕೊಟ್ಟೆವು.

ಹೈದರಾಬಾದಿನಲ್ಲಿ ಮನೆ ಸಿಕ್ಕಿದ್ದು ಎರಡನೇ ಮಹಡಿಯಲ್ಲಿ. ಬ್ಯಾಡಗಿಯಲ್ಲಿ ಬಾಗಿಲು ತೆಗೆದರೆ ಕಟ್ಟೆ, ಕಟ್ಟೆಯ ಮೇಲೆ ಯಾರಾದರೊಬ್ಬರು. ಇಲ್ಲಿ ಬಾಗಿಲು ತೆಗೆದರೆ ಇನ್ನೊಂದು ಕಬ್ಬಿಣದ ಬಾಗಿಲು. ಜೋಳದ ರೊಟ್ಟಿ ಇಲ್ಲಿಯೂ ಇದೆ, ಜೊನ್ನ ರೊಟ್ಟೆ ಎನ್ನುತ್ತಾರೆ. ಸಂಜೆ ರಸ್ತೆ ಬದಿಯಲ್ಲಿ ಸುಟ್ಟು ಮಾರುತ್ತಾರೆ, ಆದರೆ ಹಸ್ತದಷ್ಟು ದಪ್ಪ. ಮಾತು ಬರದಿದ್ದರೂ ಬಸ್ಸಿನ ಬೋರ್ಡು ಓದುವುದನ್ನು ಕಲಿತೆ. ತೆಲುಗು ಅಕ್ಷರ ಎಂದರೆ ನಮ್ಮವೇ ಅಕ್ಷರಗಳು ಬೇರೆ ಕುಂಚಿಗೆ ಕಟ್ಟಿಕೊಂಡು ಕುಳಿತ ಹಾಗೆ. ಮೊದಲ ಸಲ ಯಾರನ್ನೂ ಕೇಳದೆ ಸರಿಯಾದ ಬಸ್ ಹತ್ತಿ ಸರಿಯಾದ ಕಡೆ ಇಳಿದ ದಿನ, ಮನೆಗೆ ಬಂದು ಒಬ್ಬಳೇ ಚಹಾ ಮಾಡಿಕೊಂಡು ಕುಡಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಕಣ್ಣು ಮಾತ್ರ ಸುಧಾರಿಸಲಿಲ್ಲ. ಸಂಜೆ ಬೀದಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ತಲೆ ಸಿಡಿಯುತ್ತಿತ್ತು. ಎಡಗಡೆಯಿಂದ ಬರುವ ಸ್ಕೂಟರ್ ಮೈಮೇಲೆ ಬರುವತನಕ ಗೊತ್ತಾಗುತ್ತಿರಲಿಲ್ಲ. ಮೈಯೊಳಗೆ ಇಳಿದ ಘಾಟು ಹೋಗಲು ಒಂದೆರಡು ಮಳೆಗಾಲ ಬೇಕೆಂದು ಊರಲ್ಲಿ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡು ನೆತ್ತಿಗೆ ಎಣ್ಣೆ ಒತ್ತುತ್ತಿದ್ದೆ. ಮನೆಯ ಒಡತಿ ಒಂದು ದಿನ ನಾನು ಕಬ್ಬಿಣದ ಬಾಗಿಲಿಗೆ ಎಡ ಹಣೆ ಬಡಿಸಿಕೊಂಡದ್ದನ್ನು ನೋಡಿದಳು. ನಾನು ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಮೆಣಸಿನಕಾಯಿಯ ಕಥೆ ಹೇಳಿದೆ. ಆಕೆ ಪೂರ್ತಿ ಕೇಳಿ, ಊರು ಬಿಟ್ಟು ಇಷ್ಟು ದಿನವಾಯಿತಲ್ಲ, ಮೆಣಸಿನಕಾಯಿ ಎಲ್ಲಿದೆ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನಮ್ಮ ಘಾಟಿನ ವಿಷಯ ಇವಳಿಗೇನು ಗೊತ್ತು ಎಂದುಕೊಂಡೆ. ಆದರೆ ಆಕೆ ಹೋದ ಮೇಲೂ ಆ ಪ್ರಶ್ನೆ ಮಾತ್ರ ಮನೆಯಿಂದ ಹೊರಗೆ ಹೋಗಲಿಲ್ಲ.

ಹಾಗೆ ಆ ಹಾಲ್ ಸೇರಿದೆ. ದೊಡ್ಡೂರಿನ ಕಣ್ಣಿನ ಆಸ್ಪತ್ರೆ ಎಂದರೆ ಒಬ್ಬ ಡಾಕ್ಟರಲ್ಲ, ಹತ್ತು ಬಾಗಿಲು. ಒಂದರಲ್ಲಿ ಗಾಳಿ ಊದುತ್ತಾರೆ, ಒಂದರಲ್ಲಿ ದೀಪ ಬಿಡುತ್ತಾರೆ, ಪ್ರತಿ ಬಾಗಿಲಿನ ಮುಂದೆಯೂ ಕಾಯಬೇಕು. ಅಕ್ಷರ ಓದಿಸುವ ಕೋಣೆಯಲ್ಲಿ ತೆಲುಗಿನ ಹಲಗೆ ಹಾಕಿದರು. ನಾನು ಕೆಲವು ಅಕ್ಷರ ಕಣ್ಣಿನಿಂದ ಓದಿದೆ, ಕೆಲವನ್ನು ಅಂದಾಜಿನಿಂದ. ತಪ್ಪು ಕಣ್ಣಿನದೋ ಭಾಷೆಯದೋ ತಿಳಿಯದೆ ಆ ಹುಡುಗಿ ಕಡೆಗೆ ಓದುಬರಹ ಬಾರದವರ ಹಲಗೆಗೆ ಬದಲಿಸಿದಳು. ಇಂಗ್ಲಿಷಿನ E ಯಂಥ ಗುರುತಿನ ಕವಲು ಯಾವ ಕಡೆ ತಿರುಗಿದೆ ಎಂದು ಬೆರಳಲ್ಲಿ ತೋರಿಸಬೇಕು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಬೆರಳು ತೋರಿಸುತ್ತ ಕುಳಿತಾಗ ಅಳು ಬಂದಿತು.

ಆಮೇಲೆ ಕತ್ತಲೆ ಕೋಣೆ. ಬಿಳಿ ಬುಟ್ಟಿಯಂಥ ಯಂತ್ರದೊಳಗೆ ಮುಖ ಇಟ್ಟು, ಒಂದು ಕಣ್ಣು ಕಟ್ಟಿಕೊಂಡು, ನಟ್ಟನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತಲೂ ಎಲ್ಲೆಂದರಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು, ಟಿಕ್ ಎಂದು ಸದ್ದಾಗುತ್ತದೆ. ಫೀಲ್ಡ್ ಟೆಸ್ಟ್ ಅನ್ನುತ್ತಾರೆ. ಬುಟ್ಟಿಯ ಎಲ್ಲ ಮೂಲೆಯಲ್ಲೂ ಬೆಳಕು ಬರುತ್ತಿರುತ್ತದೆ, ಎಲ್ಲವೂ ಎಲ್ಲರಿಗೂ ಕಾಣುವುದಿಲ್ಲ, ಗಾಬರಿಯಾಗಬೇಡಿ ಎಂದು ಆ ಕೋಣೆಯವನು ಮೊದಲೇ ಹಿಂದಿಯಲ್ಲಿ ಹೇಳಿದ್ದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ದಣಿದಿದ್ದಳು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆಯುವ ರೋಗ, ಗ್ಲಾಕೋಮಾ, ಎಂದಳು. ಸವೆದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದದ್ದನ್ನು ಹನಿ ಔಷಧದಿಂದ ಕಾಯಬಹುದು, ಆದರೆ ಒಂದು ದಿನವೂ ತಪ್ಪಿಸಬಾರದು, ಮೇಲಿಂದ ಮೇಲೆ ಬಂದು ತೋರಿಸಬೇಕು. ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತೇ ಎಂದು ಕೇಳಿದಳು. ಇಲ್ಲ ಎಂದೆ. ನಮ್ಮ ಅವ್ವನಿಗೆ ಸ್ವಲ್ಪ ಘಾಟು ಹತ್ತಿತ್ತು, ಅಷ್ಟೇ ಎಂದೆ. ಅಂದ ಕೂಡಲೇ ಮಜ್ಜಿಗೆ ಲೋಟದೊಳಗಿನ ಬೆರಳು ಕಣ್ಣಮುಂದೆ ಬಂತು. ಇದು ಒಡಹುಟ್ಟಿದವರಿಗೂ ಬರುತ್ತದೆ, ಇದ್ದರೆ ಲಗೂನೆ ಕರೆತನ್ನಿ ಎಂದು ಅವಳು ಬರೆಯುತ್ತಲೇ ಹೇಳಿದಳು.

ನನಗಿರುವುದು ಒಬ್ಬನೇ ಅಣ್ಣ, ಬಸಣ್ಣ. ಯಾರ್ಡಿನ ಗೇಟಿನ ಬಳಿ ಚಹಾದ ಅಂಗಡಿ ಇಟ್ಟಿದ್ದಾನೆ. ಫೋನಿನಲ್ಲಿ ಹೇಳಿದರೆ ನಗುತ್ತಾನೆಂದು ಗೊತ್ತಿತ್ತು, ಅದಕ್ಕೇ ನಾನೇ ಊರಿಗೆ ಹೋದೆ. ಸೀಜನ್ ತುಂಬಿತ್ತು. ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಂತೆ ಸೀನು ಬಂತು, ಒಂದರ ಹಿಂದೊಂದು. ಆಟೋದವನು ನನ್ನನ್ನು ನೋಡಿ, ಹೊಸಬರೇನ್ರಿ ಎಂದು ಕೇಳಿದ. ಯಾವ ಮಾತಿಗೂ ಅಷ್ಟು ನೊಂದಿರಲಿಲ್ಲ ನಾನು.

ಅಂಗಡಿಯ ಪಕ್ಕಕ್ಕೆ ನಿಂತು ಸ್ವಲ್ಪ ಹೊತ್ತು ಅಣ್ಣನನ್ನೇ ನೋಡಿದೆ. ಬಲಗಡೆ ನಿಂತಿದ್ದ ನಾನು ಅವನಿಗೆ ಕಾಣಲಿಲ್ಲ. ಚಹಾ ಬಗ್ಗಿಸುವಾಗ ಗಾಜಿನ ಲೋಟದ ಕಂಠಕ್ಕೆ ಬೆರಳು ಸಿಕ್ಕಿಸಿಕೊಂಡಿದ್ದ. ಸುಡುವ ಚಹಾ ತಾಗಿದಾಗ ನಿಲ್ಲಿಸುತ್ತಿದ್ದ. ಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿತ್ತು. ಗಿರಾಕಿಗಳು ಬೆರಳ ಚಹಾ ಎಂದು ಚಾಷ್ಟಿ ಮಾಡುತ್ತಿದ್ದರು, ಅವನೂ ನಗುತ್ತಿದ್ದ.

ಮನೆಗೆ ಹೋದ ಮೇಲೆ ವಿಷಯ ತೆಗೆದೆ. ಅವನು ಎಂದಿನಂತೆ ಕಣ್ಣು ಒರೆಸಿಕೊಂಡ.

"ಘಾಟ ಐತಿ ತಂಗಿ. ಸೀಜನ್ ಮುಗೀಲಿ, ಹೋಗತೈತಿ."

"ಅಣ್ಣಾ, ನಾನೂ ಹಂಗ ಅಂದಕೊಂಡಿದ್ದೆ. ಹೈದರಾಬಾದಿನಾಗ ನಮ್ಮನಿ ಸುತ್ತ ಮೆಣಸಿನಕಾಯಿ ಎಲ್ಲಿ ಅದಾವು? ಕಣ್ಣು ಮಾತ್ರ ಹಂಗ ಐತಿ. ಅವ್ವಗೂ ಘಾಟಲ್ಲ, ಇದ ಆಗಿತ್ತು."

ಅವ್ವನ ಹೆಸರು ಬಂದೊಡನೆ ಅವನು ತನ್ನ ಬೆರಳನ್ನೇ ನೋಡಿಕೊಳ್ಳುತ್ತ ಕುಳಿತ. ಅತ್ತಿಗೆ ಒಳಗಿನಿಂದ, ಅಂಗಡಿ ನಾ ನೋಡ್ಕೊಂತೇನಿ, ಹೋಗಿ ಬರ್ರಿ ಎಂದಳು.

ಆಸ್ಪತ್ರೆಯಲ್ಲಿ ಈ ಸಲ ನಾನು ದಾರಿ ತೋರಿಸುವವಳು. ಯಾವ ಬಾಗಿಲ ಮುಂದೆ ಕೂಡಬೇಕು, ಯಾವ ಹನಿ ಉರಿಯುತ್ತದೆ ಎಲ್ಲ ಗೊತ್ತಿತ್ತು. ಅಣ್ಣ ನನ್ನ ಸೆರಗಿನ ತುದಿ ಹಿಡಿದು ಹಿಂದೆ ಬಂದ. ಹನಿ ಬಿಡುವ ಹೆಂಗಸಿಗೆ ನಮಸ್ಕಾರ್ರಿ ಅಕ್ಕಾರ ಎಂದ. ಆಕೆ ಎಂದೂ ಯಾರಿಗೂ ನಗದವಳು ನಕ್ಕಳು.

ಫೀಲ್ಡ್ ಟೆಸ್ಟಿನ ಕೋಣೆಯ ಬಾಗಿಲ ಹೊರಗೆ ಗೋಡೆಗೆ ತಲೆ ಕೊಟ್ಟು ಕುಳಿತೆ. ಒಳಗೆ ಅವನು ಗುಂಡಿ ಒತ್ತುವ ಸದ್ದು ಕೇಳುತ್ತಿತ್ತು. ಟಿಕ್. ಆಮೇಲೆ ಏನೂ ಇಲ್ಲ. ಮತ್ತೊಂದು ಟಿಕ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗುಂಡಿ ಕೈಜಾರಿತೋ, ನಿದ್ದೆ ಬಂತೋ, ಹೇಳಿದ್ದು ತಿಳಿಯಲಿಲ್ಲವೋ ಎಂದು ನನ್ನಷ್ಟಕ್ಕೆ ನಾನೇ ನೆಪ ಹುಡುಕುತ್ತಿದ್ದೆ. ಒತ್ತೋ ಅಣ್ಣಾ, ಒತ್ತು ಎಂದು ಒಳಗೊಳಗೇ ಅನ್ನುತ್ತಿದ್ದೆ. ಅಷ್ಟು ದಣಿವು ನನಗೆ ಯಾವ ಕೆಲಸದಲ್ಲೂ ಆಗಿಲ್ಲ.

ಅವನು ಹೊರಗೆ ಬಂದ. ಮುಖದಲ್ಲಿ ಸಮಾಧಾನವಿತ್ತು. ಎಲ್ಲ ಸರಿಯಾಗಿ ಮಾಡಿದವನ ಹಾಗೆ ಪಕ್ಕದಲ್ಲಿ ಕುಳಿತ.

"ಮಿಷನ್ ಚೊಲೋ ಐತಿ ನೋಡು. ಆದ್ರ ಅದರಾಗ ಬೆಳಕ ಭಾಳ ಬರಲಿಲ್ಲ. ನಿನಗೂ ಇಷ್ಟ ಬಂದಿದ್ದವೇನು?"

ನಾನು ಅವನ ಕೈ ಹಿಡಿದುಕೊಂಡೆ. ಡಾಕ್ಟರು ಹೇಳತಾರ ಬಾ ಎಂದೆ.

ಬಲಗಣ್ಣಿನಲ್ಲಿ ಏನೂ ಉಳಿದಿಲ್ಲ, ಎಡಗಣ್ಣಿನಲ್ಲಿ ನಡುವಿನದಷ್ಟು ಉಳಿದಿದೆ, ಹನಿ ಬಿಡುತ್ತಿದ್ದರೆ ಅದು ಹೋಗದೆ ನಿಲ್ಲಬಹುದು ಎಂದು ಡಾಕ್ಟರಮ್ಮ ಹೇಳಿದಳು. ನಾನು ಕನ್ನಡದಲ್ಲಿ ಒಂದೂ ಬಿಡದೆ ಹೇಳಿದೆ. ಅವನು ಕೇಳಿದ್ದು ಒಂದೇ, ಚಹಾ ಮಾಡಬಹುದೋ ಇಲ್ಲವೋ ಎಂದು. ಮಾಡಬಹುದು ಎಂದಳು. ನಮ್ಮ ಮನೆಯಲ್ಲೇ ಇರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಈ ಊರಾಗ ಗಾಳಿಗೆ ವಾಸನೀನ ಇಲ್ಲ ಎಂದು ಹೇಳಿ ರೈಲು ಹತ್ತಿದ. ನಾನು ಹಿಂದೆ ಹೋಗುವಂತಿಲ್ಲ. ನಮ್ಮ ಮನೆಯವರ ನೌಕರಿ ಇಲ್ಲಿ, ನನ್ನ ಕಣ್ಣಿನ ಡಾಕ್ಟರು ಇಲ್ಲಿ. ನಾನು ಇಲ್ಲಿಯವಳೇ ಆಗಿಬಿಟ್ಟೆನಾ ಎಂದು ಕೇಳಿಕೊಂಡರೆ ಮೈ ಒಪ್ಪುವುದಿಲ್ಲ. ಅಲ್ಲಿಯವಳೇ ಎನ್ನೋಣವೆಂದರೆ, ಅಲ್ಲಿ ಇಳಿದರೆ ಸೀನು ಬರುತ್ತದೆ.

ಈಗ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡುತ್ತೇನೆ. ಅತ್ತಿಗೆ ಅವನ ಕಣ್ಣಿಗೆ ಹನಿ ಬಿಡುತ್ತಾಳೆ, ಇಲ್ಲಿ ನಾನು ಬಿಟ್ಟುಕೊಳ್ಳುತ್ತೇನೆ. ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕ ಬೆರಳು ಒತ್ತಿ, ಸ್ವಲ್ಪ ಹೊತ್ತು ಅಲ್ಲಾಡದೆ ಕೂಡಬೇಕು. ಫೋನು ಇಬ್ಬರ ನಡುವೆ ತೆರೆದೇ ಇರುತ್ತದೆ. ಅದರಲ್ಲಿ ಯಾರ್ಡಿನ ಗೇಟಿನ ಸದ್ದೆಲ್ಲ ಬರುತ್ತದೆ. ಹಮಾಲರು ಚೀಲ ಎತ್ತುವಾಗ ಕೂಗುವುದು, ಆಟೋದ ಹಾರ್ನು, ಲೋಟ ತೊಳೆಯುವ ಸದ್ದು, ಯಾರೋ ಹೊಸಬರು ಸೀನುವುದು. ಕಣ್ಣು ಮುಚ್ಚಿರುವಷ್ಟು ಹೊತ್ತು ನಾನು ಬ್ಯಾಡಗಿಯಲ್ಲಿ ಇರುತ್ತೇನೆ.

"ಕಣ್ಣ ತಗೀಲೇನ ತಂಗಿ?" ಎಂದು ಅಣ್ಣ ಕೇಳುತ್ತಾನೆ.

"ಇನ್ನೊಂದೀಟು ತಡಿ" ಎನ್ನುತ್ತೇನೆ. ಔಷಧಕ್ಕೆ ಅಷ್ಟು ಹೊತ್ತು ಬೇಕಿಲ್ಲ. ನನಗೆ ಬೇಕು.